ಓಬವ್ವನನ್ನು ಹುಡುಕಿ: ಸ್ಕೈರಿಮ್‌ಗೆ ಮರಳಲು ಹಳೆಯ ಕಂಪ್ಯೂಟರ್ ದುರಸ್ತಿ

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟವನ್ನು ಮತ್ತೆ ಆಡುವುದಕ್ಕೆ ಹಳೆಯ ಕಂಪ್ಯೂಟರ್ ಬೇಕಿಲ್ಲ. 2011ರ ನವೆಂಬರ್ 11ರಂದು ಬಂದ ಆಟ 2016ರಲ್ಲಿ 64 ಬಿಟ್‌ನ ಸ್ಪೆಷಲ್ ಎಡಿಷನ್ ಆಯಿತು, 2021ರಲ್ಲಿ ಆನಿವರ್ಸರಿ ಎಡಿಷನ್ ಆಯಿತು. ಇಂದು ಯಾರು ಬೇಕಾದರೂ ಕೊಂಡು ಆಡಬಹುದು. ಆದರೆ ಕೊಂಡು ತಂದ ಆಟದಲ್ಲಿ ನಮ್ಮ ಓಬವ್ವ ಇರುವುದಿಲ್ಲ.

ಓಬವ್ವ ನಾನೂ ನನ್ನ ತಮ್ಮನೂ ಸೇರಿ ಬೆಳೆಸಿದ ಪಾತ್ರ. ನಾರ್ಡ್ ಜನಾಂಗದ ಹೆಣ್ಣು. ಆಟದಲ್ಲಿ ಒನಕೆ ಸಿಗುವುದಿಲ್ಲವಾದ್ದರಿಂದ ಎರಡು ಕೈಯಲ್ಲಿ ಹಿಡಿಯುವ ಯುದ್ಧದ ಸುತ್ತಿಗೆಯನ್ನೇ ಕೊಟ್ಟೆವು. ಡ್ರ್ಯಾಗನ್‌ಗಳ ಜೊತೆ ಹೊಡೆದಾಡುವುದು ತಮ್ಮನ ಪಾಲು. ಗಿಡಮೂಲಿಕೆ ಕೂಡಿಸಿ ಮದ್ದು ಅರೆಯುವುದು, ವೈಟ್‌ರನ್ ಊರಿನಲ್ಲಿ 5,000 ನಾಣ್ಯ ತೆತ್ತು ಕೊಂಡ ಬ್ರೀಝ್‌ಹೋಮ್ ಎಂಬ ಮನೆಯನ್ನು ಒಪ್ಪ ಮಾಡುವುದು ನನ್ನ ಪಾಲು. ಆ ಆಟದಲ್ಲಿ ತಟ್ಟೆ, ಲೋಟ, ಪುಸ್ತಕ ಎಲ್ಲವನ್ನೂ ಒಂದೊಂದಾಗಿ ಎತ್ತಿ ಬೇಕಾದಲ್ಲಿ ಇಡಬಹುದು. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ನಾನು ಇಟ್ಟ ಒಂದೊಂದು ಸಾಮಾನೂ, ಆಟವನ್ನು ನಿಲ್ಲಿಸಿದ ಸ್ಥಿತಿಯಲ್ಲೇ ಉಳಿಸಿಡುವ ಒಂದು ಸೇವ್ ಫೈಲ್‌ನೊಳಗೆ ಇತ್ತು. ಆ ಫೈಲ್ ಗೋರೆಗಾಂವ್‌ನ ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಬೆಡ್‌ಶೀಟ್ ಹೊದ್ದು ಕುಳಿತ ಕಂಪ್ಯೂಟರಿನಲ್ಲಿತ್ತು.

ಆದ್ದರಿಂದ ಈ ದುರಸ್ತಿಯಲ್ಲಿ ನನ್ನ ಕ್ರಮ ಒಂದೇ: ಕಂಪ್ಯೂಟರ್ ಕೆಟ್ಟರೂ ಸರಿ, ಡಿಸ್ಕ್‌ಗೆ ಏಟು ಬೀಳಬಾರದು. ಹಳೆಯ ಯಂತ್ರವನ್ನು ಕೆಳಗಿಳಿಸಿದ ಕೂಡಲೇ ಸ್ವಿಚ್ ಹಾಕಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ನಾನು ಮೊದಲು ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟೆ.

ಮೊದಲ ನೋಟ

ಕೋರ್ ಐ3-2100 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಜಿಬಿಯ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಡಿಸ್ಕ್. ಅಂದಿನ ಸ್ಕೈರಿಮ್‌ಗೆ 4 ಜಿಬಿ ರ‍್ಯಾಮ್, 1 ಜಿಬಿ ಗ್ರಾಫಿಕ್ಸ್ ಇದ್ದರೆ ಒಳ್ಳೆಯದು ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದ್ದರು. ಅದನ್ನು ನೋಡಿಕೊಂಡೇ ಅಪ್ಪ ಇದನ್ನು ಜೋಡಿಸಿಕೊಟ್ಟಿದ್ದರು.

ನಮ್ಮ ಕಡೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಗಾಳಿ. ಅದರ ಮೇಲೆ ಮುಂಬಯಿಯ ನಾಲ್ಕು ತಿಂಗಳ ಮಳೆಗಾಲ. ಮುಂಭಾಗದ ಯುಎಸ್‌ಬಿ ಕಿಂಡಿಗಳ ಒಳಗೆ ಹಸಿರು ಕಿಲುಬು ಹಿಡಿದಿತ್ತು, ಹಿಂಬದಿಯ ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಜಿರಲೆಯ ಮೊಟ್ಟೆಗಳಿದ್ದವು. ಪ್ರೊಸೆಸರ್ ಫ್ಯಾನಿನ ಕೆಳಗಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಬಾಲ್ಕನಿಗೆ ಒಯ್ದು, ಫ್ಯಾನುಗಳು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಹೊಡೆದೆ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ 3 ವೋಲ್ಟ್ ತೋರಬೇಕಾದಲ್ಲಿ ಅರ್ಧ ವೋಲ್ಟೂ ತೋರಲಿಲ್ಲ, ಹೊಸದು ಹಾಕಿದೆ.

ಡಿಸ್ಕ್ ಇಲ್ಲದೆ ಬರೀ ಬೋರ್ಡಿಗೆ ವಿದ್ಯುತ್ ಕೊಟ್ಟೆ. ಫ್ಯಾನ್ ಒಮ್ಮೆ ಅಲುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ.

ಎಸ್‌ಎಂಪಿಎಸ್

ಎಸ್‌ಎಂಪಿಎಸ್ ಎಂದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ಕಂಪ್ಯೂಟರ್ ಆಫ್ ಆಗಿದ್ದರೂ ಅದರ ನೇರಳೆ ತಂತಿಯಲ್ಲಿ 5 ವೋಲ್ಟ್ ಇರಬೇಕು. ಪವರ್ ಗುಂಡಿ ಒತ್ತಿದ್ದನ್ನು ಬೋರ್ಡು ತಿಳಿದುಕೊಳ್ಳುವುದೇ ಆ ವಿದ್ಯುತ್ತಿನ ಬಲದಿಂದ. ಶೇಕಡಾ 5ರಷ್ಟು ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ, ಅಂದರೆ 4.75ಕ್ಕಿಂತ ಇಳಿಯಬಾರದು. ನನ್ನ ಮಲ್ಟಿಮೀಟರ್ 3.9 ತೋರಿಸಿತು, ಅದೂ ಒಂದೆಡೆ ನಿಲ್ಲದೆ ಓಲಾಡುತ್ತಿತ್ತು. ರೋಗ ಎಲ್ಲಿದೆ ಎಂದು ಅಲ್ಲಿಗೇ ಗೊತ್ತಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಎಸ್‌ಎಂಪಿಎಸ್ ಬಿಚ್ಚುವುದು ಎಲ್ಲರ ಕೆಲಸವಲ್ಲ. ಮನೆಯ 230 ವೋಲ್ಟ್ ಎಸಿ ಒಳಗೆ ಡಿಸಿಯಾದಾಗ ಸುಮಾರು 325 ವೋಲ್ಟ್ ಆಗುತ್ತದೆ, ಅದನ್ನು ದೊಡ್ಡ ಕೆಪಾಸಿಟರ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಉಳಿದಿರಬಹುದು. ಜೀವಕ್ಕೇ ಅಪಾಯ. ಬೆಸುಗೆ ಹಾಕಿ ರೂಢಿಯಿಲ್ಲದವರು ಹೊಸದನ್ನು ಕೊಂಡು ಹಾಕುವುದೇ ಸರಿ.

ನಾನು ಕೈ ಹಾಕಿದ್ದು ಕೆಳಗಿನ ಮಹಡಿಯ ಮಾಮ ಪಕ್ಕದಲ್ಲಿ ಕೂರಲು ಒಪ್ಪಿದ ಮೇಲೆ. ಕುಂದಾಪುರದ ಕಡೆಯವರು, ಟಿವಿ ರಿಪೇರಿಯಲ್ಲೇ ಆಯುಷ್ಯ ಕಳೆದವರು. ಅವರು ತಂದ ಮೊದಲ ಸಾಧನ ಹೋಲ್ಡರಿಗೆ ಎರಡು ತಂತಿ ಕಟ್ಟಿದ 100 ವ್ಯಾಟ್‌ನ ಹಳೆಯ ಬಲ್ಬು.

"ಮಗಳೇ, ಮೊದಲು ಇದನ್ನು ಕೆಪಾಸಿಟರಿಗೆ ತಾಗಿಸು. ಉಳಿದ ಕರೆಂಟನ್ನು ಬಲ್ಬು ಕುಡಿಯಲಿ. ಆಮೇಲೆ ಮೀಟರ್ ಇಡು. ಮೀಟರ್ ಸೊನ್ನೆ ತೋರಿದ ಮೇಲೆಯೇ ಬೆರಳು."

"ಪ್ಲಗ್ ತೆಗೆದು ಬಹಳ ಹೊತ್ತಾಯಿತು ಮಾಮ."

"ಆಗಲಿ. ಆದರೂ ತಾಗಿಸು."

ತಾಗಿಸಿದೆ, ಮೀಟರ್ ಇಟ್ಟೆ, ಸೊನ್ನೆ ಬಂತು. ಬೋರ್ಡನ್ನು ಮಗುಚಿ ನೋಡಿದರೆ 5 ವೋಲ್ಟ್ ಭಾಗದ ಎರಡು ಕೆಪಾಸಿಟರ್‌ಗಳ ನೆತ್ತಿ ಉಬ್ಬಿತ್ತು. ಸರಿಯಾದ ಕೆಪಾಸಿಟರ್‌ನ ನೆತ್ತಿ ಮಟ್ಟಸವಾಗಿರುತ್ತದೆ. ಇವುಗಳಲ್ಲಿ ಒಂದು ಉಬ್ಬಿದ್ದಷ್ಟೇ ಅಲ್ಲ, ಅದರ ನೆತ್ತಿಯ ಗೀರು ಬಾಯಿ ಬಿಟ್ಟು ಕಂದು ಬಣ್ಣದ ಅಂಟು ಹೊರಬಂದು ಒಣಗಿತ್ತು. ಎರಡೂ 1000 ಮೈಕ್ರೊಫ್ಯಾರಡ್, 10 ವೋಲ್ಟ್‌ನವು.

ಬಿಡಿಭಾಗಕ್ಕೆ ಮುಂಬಯಿಯಲ್ಲಿ ಒಂದೇ ವಿಳಾಸ: ಲ್ಯಾಮಿಂಗ್ಟನ್ ರಸ್ತೆ. ಕಾಗದದ ಮೇಲೆ ಅದು ಡಾ. ಭಡಕಮಕರ್ ಮಾರ್ಗ, ಆದರೆ ಹಾಗೆಂದು ಕೇಳಿದರೆ ದಾರಿಹೋಕರು ಒಂದು ಕ್ಷಣ ಯೋಚಿಸುತ್ತಾರೆ. ಗೋರೆಗಾಂವ್‌ನಿಂದ ಸ್ಲೋ ಲೋಕಲ್ ಹಿಡಿದು ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ನಡೆದರೆ ಆಯಿತು. ಅಲ್ಲಿನ ಕಿರಿದಾದ ಅಂಗಡಿಗಳಲ್ಲಿ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡಬ್ಬಿಗಳು; ಕೇಳಿದ ಅಳತೆಯ ಕೆಪಾಸಿಟರನ್ನು ಅಂಗಡಿಯವರು ನೋಡದೆಯೇ ಕೈ ಹಾಕಿ ತೆಗೆಯುತ್ತಾರೆ. ನಾನು ಹಳೆಯದನ್ನೇ ಒಯ್ದಿದ್ದೆ. ಅದೇ 1000 ಮೈಕ್ರೊಫ್ಯಾರಡ್, ವೋಲ್ಟೇಜ್ ಮಾತ್ರ 16, ತಡೆದುಕೊಳ್ಳುವ ಬಿಸಿ 105 ಡಿಗ್ರಿ, ಎಸ್‌ಎಂಪಿಎಸ್‌ಗೆಂದೇ ಮಾಡಿದ, ಒಳಗಿನ ರೋಧ ಕಡಿಮೆಯಿರುವ ಲೋ ಇಎಸ್‌ಆರ್ ಬಗೆಯದು ಎಂದು ಕೇಳಿ ತಂದೆ. ವೋಲ್ಟೇಜ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಬೋರ್ಡಿನಲ್ಲಿ ಕೂರುವಷ್ಟು ದಪ್ಪ, ಎತ್ತರ ಇದೆಯೇ ಎಂದು ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿಯೇ ದುಡ್ಡು ಕೊಟ್ಟೆ. 85 ಡಿಗ್ರಿಯ ಅಗ್ಗದ ಮಾಲನ್ನು ಇಂಥ ಜಾಗಕ್ಕೆ ಹಾಕಿದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೀಸ ಕೂಡಿಸಿ ಕರಗಿಸಿದರೆ ಪಂಪು ಚೆನ್ನಾಗಿ ಹೀರುತ್ತದೆ. ಕೆಪಾಸಿಟರ್‌ನ ಮೈಮೇಲೆ ಪಟ್ಟೆ ಇರುವ ಕಡೆಯ ಕಾಲು ಋಣ. ಬೋರ್ಡಿನ ಗುರುತಿಗೆ ಹೊಂದಿಸಿ ಕೂರಿಸಿದೆ. ಮೊದಲ ಬಾರಿ ವಿದ್ಯುತ್ ಕೊಡುವಾಗ ಮಾಮ ಅದೇ ಬಲ್ಬನ್ನು ಈಗ ಮೇನ್ಸ್ ತಂತಿಯ ಸಾಲಿನಲ್ಲಿ ಸೇರಿಸಿದರು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ನೇರಳೆ ತಂತಿಯಲ್ಲಿ 5.06. ಆಮೇಲೆ ಬಲ್ಬು ತೆಗೆದು, ಒಂದು ಹಳೆಯ ಫ್ಯಾನನ್ನು ಹೊರೆಯಾಗಿ ಕೊಟ್ಟು, ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿ ಉಳಿದವನ್ನೂ ಅಳೆದೆ: ಹಳದಿಯಲ್ಲಿ 11.9, ಕೆಂಪಿನಲ್ಲಿ 5.1, ಕಿತ್ತಳೆಯಲ್ಲಿ 3.3. ಮಾಮನಿಗೆ ಅಮ್ಮ ಚಹಾ, ಚಕ್ಕುಲಿ ಕೊಟ್ಟರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಸಂತೋಷವಿತ್ತು.

ಡಿಸ್ಕ್

ಇದೇ ನಿಜವಾದ ಕೆಲಸ.

ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನ ಲಿನಕ್ಸ್‌ನಿಂದ ಆರಂಭಿಸಿದ್ದೆ. ವಿಂಡೋಸ್ ಆದರೆ ಸಿಕ್ಕಿಸಿದ ಕೂಡಲೇ ಡಿಸ್ಕಿನ ಮೇಲೆ ಏನಾದರೂ ಬರೆಯಲು ಹೊರಡುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ ನೋಡಬೇಕಾದ ಸಾಲುಗಳು ಮುಖ್ಯವಾಗಿ ಎರಡು: 5ನೆಯದು, ಕೆಟ್ಟು ಬದಲಿಸಿದ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ತುಂಡುಗಳ) ಲೆಕ್ಕ, 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಲೆಕ್ಕ. 197ರಲ್ಲಿ ಸೊನ್ನೆ ಇರಲಿಲ್ಲ. ಡಿಸ್ಕ್ ಸಾಯುವ ಹಾದಿಯಲ್ಲಿತ್ತು.

ಇಂಥ ಡಿಸ್ಕ್‌ನಿಂದ ಫೋಲ್ಡರ್ ಎಳೆದು ನಕಲು ಮಾಡಲು ಹೋಗಬಾರದು. ಕೆಟ್ಟ ಜಾಗ ಸಿಕ್ಕಿದ ಕೂಡಲೇ ಅದು ಅಲ್ಲೇ ತಡಕಾಡುತ್ತ ಉಳಿದ ಆಯುಷ್ಯವನ್ನೂ ಕಳೆದುಕೊಳ್ಳುತ್ತದೆ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದಕ್ಕೆಂದೇ ಇದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದುವ ಭಾಗವನ್ನೆಲ್ಲ ಬಾಚಿಕೊಂಡು, ಮೊಂಡು ಹಿಡಿದ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ. ಯಾವುದು ಸಿಕ್ಕಿತು, ಯಾವುದು ಉಳಿಯಿತು ಎಂಬುದನ್ನು ಒಂದು ನಕ್ಷೆ ಫೈಲ್‌ನಲ್ಲಿ ಬರೆದಿಡುತ್ತದೆ. ನಡುವೆ ವಿದ್ಯುತ್ ಹೋದರೂ ಆ ನಕ್ಷೆ ನೋಡಿ ಬಿಟ್ಟಲ್ಲಿಂದ ಶುರು ಮಾಡಬಹುದು. ಎರಡನೆಯ ಸುತ್ತಿನಲ್ಲಿ ಹಾರಿ ಬಿಟ್ಟ ಜಾಗಗಳಿಗೆ ಮರಳಿ, ಚೂರು ಚೂರಾಗಿ ಓದಲು ಯತ್ನಿಸುತ್ತದೆ. ರಾತ್ರಿಯಿಡೀ ಟೇಬಲ್ ಫ್ಯಾನಿನ ಗಾಳಿ ಡಿಸ್ಕಿಗೆ ತಾಗುವಂತೆ ಇಟ್ಟು ಮಲಗಿದೆ. ಕೊನೆಗೆ 500 ಜಿಬಿಯಲ್ಲಿ ಓದಲಾಗದೆ ಉಳಿದದ್ದು ಕೆಲವೇ ಎಂಬಿ.

ಆ ಕೆಲವೇ ಎಂಬಿ ಎಲ್ಲಿ ಬಿದ್ದಿವೆ ಎನ್ನುವುದೇ ಪ್ರಶ್ನೆ. ನಕಲನ್ನು ಓದಲು ಮಾತ್ರ ಬರುವಂತೆ ತೆರೆದು, ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಅದರೊಳಗಿನ ಸ್ಕೈರಿಮ್, ಅದರೊಳಗಿನ ಸೇವ್ಸ್ ಫೋಲ್ಡರಿಗೆ ಹೋದೆ. ನಾವಾಗಿ ಉಳಿಸಿದ ಒಂದೊಂದು ಫೈಲ್‌ನ ಹೆಸರಿನಲ್ಲೂ ಪಾತ್ರದ ಹೆಸರು, ಇದ್ದ ಜಾಗ, ಆಡಿದ ಹೊತ್ತು ಇರುತ್ತದೆ. ಓಬವ್ವ, ವೈಟ್‌ರನ್. ಓಬವ್ವ, ಐವರ್‌ಸ್ಟೆಡ್. ಓಬವ್ವ, ಬ್ಲ್ಯಾಕ್‌ರೀಚ್. ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು.

ಹೆಸರಿದ್ದ ಮಾತ್ರಕ್ಕೆ ಒಳಗೆ ತಿರುಳು ಇರಬೇಕೆಂದಿಲ್ಲ. ಒಂದೇ ಗುಂಡಿ ಒತ್ತಿ ಉಳಿಸುವ ಕ್ವಿಕ್‌ಸೇವ್ ಫೈಲನ್ನು, ಫೈಲ್‌ನ ಒಳಗನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಸ್ಕೈರಿಮ್‌ನ ಪ್ರತಿ ಸೇವ್ ಫೈಲ್ ಟಿಇಎಸ್‌ವಿ ಸೇವ್‌ಗೇಮ್ ಎಂಬ ಗುರುತಿನಿಂದ ಶುರುವಾಗುತ್ತದೆ, ನಡುವಿನ ಅಡಿಗೆರೆಯೂ ಸೇರಿ 13 ಅಕ್ಷರ. ಅದರ ಹಿಂದೆಯೇ ಸೇವ್‌ನ ಸಂಖ್ಯೆ, ಪಾತ್ರದ ಹೆಸರು, ಮಟ್ಟ, ಜಾಗ, ಜನಾಂಗ. ಆಮೇಲೆ ಸೇವ್ ಮಾಡಿದ ಕ್ಷಣದ ಪುಟ್ಟ ಚಿತ್ರ. ಆಮೇಲೆ ಪ್ಲಗಿನ್‌ಗಳ, ಅಂದರೆ ಆಟಕ್ಕೆ ವಸ್ತುಗಳನ್ನು ಒದಗಿಸುವ ಫೈಲ್‌ಗಳ ಪಟ್ಟಿ. ಅಲ್ಲಿಂದ ಮುಂದೆ ಇಡೀ ಲೋಕ. ಕ್ವಿಕ್‌ಸೇವ್‌ನಲ್ಲಿ ಓಬವ್ವನ ಹೆಸರು ಸ್ಪಷ್ಟವಾಗಿ ಕಂಡಿತು. ಚಿತ್ರದ ಭಾಗವನ್ನು ದಾಟಿದ್ದೇ ತಡ, ಪರದೆ ತುಂಬ ಸೊನ್ನೆ, ಸೊನ್ನೆ, ಸೊನ್ನೆ. ಆ ಫೈಲ್ ಹೋಗಿತ್ತು. ಅದರ ಹಿಂದಿನ, ನಾವೇ ಉಳಿಸಿದ್ದ ವೈಟ್‌ರನ್ ಸೇವ್ ಅನ್ನು ತೆರೆದು ಕೊನೆಯ ಸಾಲಿನವರೆಗೂ ಜಾರಿಸಿದೆ. ಎಲ್ಲೂ ಖಾಲಿ ಇರಲಿಲ್ಲ.

ಪುಣೆಯಲ್ಲಿರುವ ತಮ್ಮನಿಗೆ ಕೂಡಲೇ ಫೋನು ಮಾಡಿದೆ.

"ಓಬವ್ವ ಸಿಕ್ಕಿದಳು."

"ಅಕ್ಕಾ, ನಿಜವಾಗಿಯೂ? ಆ ಫೈಲ್ ನನಗೆ ಈಗಲೇ ಕಳಿಸು. ಹೊಸ ಎಡಿಷನ್ ನನ್ನ ಹತ್ತಿರ ಇದೆ, ಇವತ್ತೇ ಆಡುತ್ತೇನೆ."

"ಬೇಡ, ಸ್ವಲ್ಪ ತಾಳು. ನಾವು ಹೊರಗಿನಿಂದ ತಂದು ಆಟಕ್ಕೆ ಸೇರಿಸಿದ್ದ ಮಾಡ್‌ಗಳು ಇಲ್ಲದೆ ಅವಳು ಪೂರ್ತಿ ಬರುವುದಿಲ್ಲ."

ಒಂದು ಸೇವ್ ಫೈಲ್‌ನಲ್ಲಿ ಏನಿರುತ್ತದೆ

ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಆಟದೊಳಗಿನ ಪ್ರತಿ ವಸ್ತುವಿಗೂ ಎಂಟು ಅಂಕಿಯ ಹೆಕ್ಸ್ ಗುರುತು ಇರುತ್ತದೆ. ಅದರ ಮೊದಲ ಎರಡು ಅಂಕಿ ಆ ವಸ್ತು ಯಾವ ಪ್ಲಗಿನ್‌ನಿಂದ ಬಂತು ಎಂದು ಹೇಳುತ್ತದೆ. ಪ್ಲಗಿನ್ ಕಾಣೆಯಾದರೆ ಅದರಿಂದ ಬಂದ ವಸ್ತುವೂ ಕಾಣೆ. ಸಾಮಾನಿನ ಮಾತು ಇಷ್ಟು. ಆಟದೊಳಗಿನ ಘಟನೆಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳನ್ನು, ಅಂದರೆ ಸ್ಕ್ರಿಪ್ಟ್‌ಗಳನ್ನು ಬರೆಯುವ ಪಪೈರಸ್ ಎಂಬ ಭಾಷೆಯ ಮಾತು ಬೇರೆ. ಸೇವ್ ಮಾಡುವ ಕ್ಷಣದಲ್ಲಿ ಯಾವ ಯಾವ ಸ್ಕ್ರಿಪ್ಟ್ ಓಡುತ್ತಿತ್ತೋ ಅದರ ಸ್ಥಿತಿಯೂ ಫೈಲ್‌ನೊಳಗೆ ಸೇರಿಕೊಳ್ಳುತ್ತದೆ. ಮಾಡ್ ತೆಗೆದುಹಾಕಿದ ಮೇಲೂ ಅದರ ಸ್ಕ್ರಿಪ್ಟ್‌ನ ನೆನಪು ಸೇವ್‌ನಲ್ಲಿ ಅನಾಥವಾಗಿ ಉಳಿಯುತ್ತದೆ. ಮಾಡ್‌ಗಳಿಲ್ಲದ ಹಳೆಯ ಸೇವ್ ಅನ್ನು ಸ್ಪೆಷಲ್ ಎಡಿಷನ್‌ಗೆ ಒಯ್ಯಬಹುದು. ನಮ್ಮದು ಸ್ಕ್ರಿಪ್ಟ್‌ಗಳ ಶಕ್ತಿ ಹೆಚ್ಚಿಸುವ ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ತಂತ್ರಾಂಶದ ಮೇಲೆ ನಿಂತಿತ್ತು, ಅದಂತೂ 32 ಬಿಟ್‌ನ ಹಳೆಯ ಆಟಕ್ಕೆಂದು ಮಾಡಿದ ಆವೃತ್ತಿ. ಆದ್ದರಿಂದಲೇ ಹಳೆಯ ಆಟ, ಹಳೆಯ ಮಾಡ್‌ಗಳು, ಅದೇ ಅನುಕ್ರಮ ಎಲ್ಲವೂ ಬೇಕಿತ್ತು. ನಕಲಿನಿಂದ ಡೇಟಾ ಫೋಲ್ಡರನ್ನು ಇಡಿಯಾಗಿ ತೆಗೆದುಕೊಂಡೆ. ಮಾಡ್‌ಗಳ ಸಾಲು ಬರೆದಿರುವ ಪ್ಲಗಿನ್ಸ್ ಪಠ್ಯ ಫೈಲ್ ಆಪ್‌ಡೇಟಾದೊಳಗೆ ಇರುತ್ತದೆ, ಅದನ್ನೂ ಬಿಡಲಿಲ್ಲ.

ಗ್ರಾಫಿಕ್ಸ್ ಕಾರ್ಡ್

ಹೆಚ್ಚು ಹೇಳುವುದೇನಿಲ್ಲ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ಒರೆಸಿ ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟು, ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಫ್ಯಾನಿನ ಸ್ಟಿಕರ್ ಎತ್ತಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ತೊಟ್ಟು ಬಿಟ್ಟೆ. ಮೊದಲು ಭಾರದ ಕೆಲಸ ಕೊಟ್ಟರೆ 90 ಡಿಗ್ರಿ ದಾಟಿ ಪರದೆ ಕಪ್ಪಾಗುತ್ತಿತ್ತು, ಈಗ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ವಿಂಡೋಸ್

ನಕಲು ಭದ್ರವಾದ ಮೇಲೆ ಹಳೆಯ ಡಿಸ್ಕ್‌ನ ವಿಂಡೋಸ್ 7 ಅನ್ನು ಒಮ್ಮೆ ಎಬ್ಬಿಸಿದೆ. ನೀಲಿ ಪರದೆ, ಕೊನೆಯಲ್ಲಿ 7ಬಿ ಎಂಬ ಸಂಖ್ಯೆ. ಇದನ್ನು ನೋಡಿ ವಿಂಡೋಸ್ ಕೆಟ್ಟಿದೆ ಎಂದು ಅಳಿಸಿ ಹಾಕುವವರು ಬಹಳ. ಕಾರಣ ಸರಳ: ಸೆಲ್ ಸತ್ತಾಗ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ತನ್ನ ನೆನಪನ್ನೆಲ್ಲ ಕಳೆದುಕೊಂಡು, ಡಿಸ್ಕಿನ ಜೊತೆ ವ್ಯವಹರಿಸುವ ಬಗೆಯನ್ನು, ಅಂದರೆ ಮೋಡ್ ಅನ್ನು ಎಎಚ್‌ಸಿಐನಿಂದ ಐಡಿಇಗೆ ಮರಳಿಸಿತ್ತು. ಎಎಚ್‌ಸಿಐನಲ್ಲಿ ಹಾಕಿದ ವಿಂಡೋಸ್‌ಗೆ ಐಡಿಇಯಲ್ಲಿ ತನ್ನ ಡಿಸ್ಕೇ ಕಾಣುವುದಿಲ್ಲ. ಮೋಡ್ ಬದಲಿಸಿದೆ, ತಾರೀಖು ಸರಿ ಮಾಡಿದೆ, ಹಳೆಯ ಡೆಸ್ಕ್‌ಟಾಪ್ ಎದ್ದಿತು.

ಆದರೆ ಅಲ್ಲಿ ಆಡುವಂತಿಲ್ಲ. ಸ್ಕೈರಿಮ್ ಡಿವಿಡಿ ಕೊಂಡವರಿಗೂ ಆಟಗಳನ್ನು ಮಾರಿ ನಡೆಸುವ ಸ್ಟೀಮ್ ಎಂಬ ತಂತ್ರಾಂಶ ಬೇಕೇ ಬೇಕು, ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಅನ್ನು ಕೈಬಿಟ್ಟಿದೆ. ಹೊಸ 240 ಜಿಬಿ ಎಸ್‌ಎಸ್‌ಡಿ ತಂದು ವಿಂಡೋಸ್ 10 ಹಾಕಿದೆ. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಯಂತ್ರದಲ್ಲಿ ಬ್ಯಾಂಕು, ಮೇಲ್ ಯಾವುದೂ ಇಲ್ಲ. ಸ್ಟೀಮ್‌ಗೆ ಬೇಕಾದಾಗ ಮಾತ್ರ ಇಂಟರ್ನೆಟ್.

ಆಟ ಇಳಿಸಿ, ಡೇಟಾ ಫೋಲ್ಡರ್ ಜೋಡಿಸಿ ಎರಡು ಸಣ್ಣ ತಿದ್ದುಪಡಿ ಮಾಡಿದೆ. ಹಳೆಯ ಸ್ಕೈರಿಮ್ ತನ್ನ ಮೊದಲ ಮೆಮೊರಿ ತುಂಡಿಗೆ 256 ಎಂಬಿ ಮಾತ್ರ ತೆಗೆದಿಡುತ್ತದೆ. ಮಾಡ್‌ಗಳು ಹೆಚ್ಚಾದರೆ ಅದು ತುಂಬಿ ಆಟ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಸ್ಕ್ರಿಪ್ಟ್ ಎಕ್ಸ್‌ಟೆಂಡರಿನ ಐಎನ್‌ಐ ಫೈಲ್‌ನ ಮೆಮೊರಿ ವಿಭಾಗದಲ್ಲಿ ಡಿಫಾಲ್ಟ್ ಹೀಪ್ 768, ಸ್ಕ್ರ್ಯಾಪ್ ಹೀಪ್ 256 ಎಂದು ಬರೆದರೆ ಆ ತುಂಡು 512 ಎಂಬಿಗೆ ಏರುತ್ತದೆ. ಇನ್ನೊಂದು, ಆಟದ ಫ್ರೇಮ್ ವೇಗವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಅನ್ನು ಆಫ್ ಮಾಡದೆ ಹಾಗೆಯೇ ಬಿಡುವುದು. ಈ ಆಟದಲ್ಲಿ ವಸ್ತುಗಳ ಚಲನೆಯ ಲೆಕ್ಕ ಫ್ರೇಮ್ ವೇಗಕ್ಕೆ ಕಟ್ಟುಬಿದ್ದಿದೆ. 60 ಫ್ರೇಮ್ ದಾಟಿದರೆ ಕೋಣೆಗೆ ಕಾಲಿಟ್ಟ ಕೂಡಲೇ ಮೇಜಿನ ಮೇಲಿನ ತಟ್ಟೆ ಲೋಟಗಳು ತಾವಾಗಿ ಹಾರಿ ಬೀಳುತ್ತವೆ. ತಮ್ಮನ ಲ್ಯಾಪ್‌ಟಾಪ್‌ನ ಪರದೆ 144 ಹರ್ಟ್ಸ್‌ನದು. ಫೈಲ್ ಕಳಿಸಲು ನಾನು ಹಿಂಜರಿದದ್ದಕ್ಕೆ ಇದೂ ಒಂದು ಕಾರಣ.

ಬ್ರೀಝ್‌ಹೋಮ್

ಸೇವ್ ತೆರೆದಾಗ ಓಬವ್ವ ಒಲೆಯ ಎದುರು ನಿಂತಿದ್ದಳು. ಯಾವ ಪ್ಲಗಿನ್ ಕಾಣೆಯಾಗಿದೆ ಎಂಬ ಎಚ್ಚರಿಕೆಯೂ ಬರಲಿಲ್ಲ. ಕಪಾಟಿನಲ್ಲಿ ಪುಸ್ತಕಗಳು ಬೆನ್ನು ತೋರಿಸಿ ಸಾಲಾಗಿದ್ದವು. ಮೇಜಿನ ಮೇಲೆ ನಾನು ಇಟ್ಟ ಎರಡು ತಟ್ಟೆ, ಎರಡು ಲೋಟ, ನಡುವೆ ಗಾಲಿಯಾಕಾರದ ಒಂದು ದೊಡ್ಡ ಚೀಸ್. ಒಂದು ಲೋಟ ಅಂಚಿಗೆ ಸರಿದಿತ್ತು. ಅಂದು ತಮ್ಮ ಓಬವ್ವನನ್ನು ಓಡಿಸಿಕೊಂಡು ಬಂದು ತಾಗಿಸಿದ್ದು, ಅದಕ್ಕಾಗಿ ನಾವು ಜಗಳವಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಓಬವ್ವನ ಜೊತೆಗಾತಿ ಲಿಡಿಯಾ ಕುರ್ಚಿಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ನಾನು ಮೌಸ್ ಬಿಟ್ಟು ಬಹಳ ಹೊತ್ತು ನೋಡುತ್ತ ಕುಳಿತೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಆಟಗಳಲ್ಲಿ ಎಷ್ಟೋ ದೊಡ್ಡ ಲೋಕಗಳನ್ನು ನೋಡಿದ್ದೇನೆ. ಇಟ್ಟ ಲೋಟವನ್ನು ಇಷ್ಟು ನಿಷ್ಠೆಯಿಂದ ಕಾದಿಟ್ಟ ಲೋಕ ಇನ್ನೊಂದು ಸಿಕ್ಕಿಲ್ಲ.

ಹೊರಗೆ ಬಂದರೆ ಪೂಜಾರಿ ಹೈಮ್‌ಸ್ಕರ್ ಟ್ಯಾಲೋಸ್ ದೇವರ ಮೂರ್ತಿಯ ಮುಂದೆ ಅದೇ ಭಾಷಣ ಮಾಡುತ್ತಿದ್ದ. ಕೋಟೆ ಬಾಗಿಲು ದಾಟಿ ಬಯಲಿಗೆ ಇಳಿದಾಗ ಜೆರೆಮಿ ಸೋಲ್ ಅವರ ಸಂಗೀತ ಮೆಲ್ಲಗೆ ಎದ್ದಿತು. ಒಳಗಿನಿಂದ ಅಮ್ಮ, "ಇದು ನೀವಿಬ್ಬರೂ ಪರೀಕ್ಷೆಯ ಹೊತ್ತಿನಲ್ಲಿ ಹಾಕುತ್ತಿದ್ದ ಹಾಡಲ್ಲವೇ?" ಎಂದು ಕೇಳಿದರು.

ಕೆಲಸಗಳ ಪಟ್ಟಿ ತೆರೆದು ನೋಡಿದೆ. ಐವರ್‌ಸ್ಟೆಡ್‌ನ ಕ್ಲಿಮೆಕ್ ಕೊಟ್ಟ ದಿನಸಿ ಚೀಲವನ್ನು 7,000 ಮೆಟ್ಟಿಲು ಹತ್ತಿ ಹೈ ಹ್ರೋತ್‌ಗಾರ್ ಮಠದ ಪೆಟ್ಟಿಗೆಯಲ್ಲಿ ಹಾಕಬೇಕಿತ್ತು; ಅದು ಇನ್ನೂ ಬಾಕಿ. ಚೀಲ ಓಬವ್ವನ ಹೆಗಲಲ್ಲೇ ಇತ್ತು. ತಮ್ಮನಿಗೆ ಹೇಳಿದೆ.

"ಅಕ್ಕಾ, ಅದನ್ನು ನೀನು ಮುಗಿಸಬೇಡ. ದಾರಿಯಲ್ಲಿ ಹಿಮದ ಟ್ರೋಲ್ ಇದೆ, ಅದು ನನ್ನ ಪಾಲಿನ ಕೆಲಸ. ಚೌತಿಗೆ ಬರುತ್ತೇನಲ್ಲ."

ಒಪ್ಪಿದ್ದೇನೆ. ಸೇವ್ಸ್ ಫೋಲ್ಡರಿನ ಪ್ರತಿಗಳು ಈಗ ಎಸ್‌ಎಸ್‌ಡಿಯಲ್ಲಿ, ಹೊರಗಿನ ಡಿಸ್ಕಿನಲ್ಲಿ, ಅವನ ಲ್ಯಾಪ್‌ಟಾಪಿನಲ್ಲಿ ಇವೆ. ಅವನು ಬರುವ ಮುನ್ನ ಮುಂಭಾಗದ ಯುಎಸ್‌ಬಿ ಪಟ್ಟಿಯನ್ನು ಬದಲಿಸಿ ಅವನ ಗೇಮ್‌ಪ್ಯಾಡ್ ಸಿಕ್ಕಿಸುವಂತೆ ಮಾಡಬೇಕು, ಎಸ್‌ಎಂಪಿಎಸ್‌ನ ಫ್ಯಾನ್ ಸದ್ದು ಮಾಡುತ್ತಿದೆ, ಅದಕ್ಕೆ 120 ಎಂಎಂನ ಹೊಸದೊಂದು ತರಬೇಕು. ಎರಡನ್ನೂ ಲ್ಯಾಮಿಂಗ್ಟನ್ ರಸ್ತೆಯ ಪಟ್ಟಿಗೆ ಸೇರಿಸಿದ್ದೇನೆ, ಮಾಮ ಕೇಳಿದ ಡಿಸೋಲ್ಡರಿಂಗ್ ಪಂಪಿನ ಜೊತೆಗೆ.